ಸ್ಕೋರ್ ಬೋರ್ಡಿನ ಅಂಕಿ ಮಿಣುಕುತ್ತಿದೆ, ಏನು ಮಾಡಲಿ?

ಪ್ರಶ್ನೆ: ಕೊಯ್ಲು ಮುಗಿದ ಗದ್ದೆಯಲ್ಲಿ ರಾತ್ರಿ ವಾಲಿಬಾಲ್ ಪಂದ್ಯ ಇಟ್ಟಿದ್ದೇವೆ. ಅದಕ್ಕೆಂದು ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಟ್ರೋಲರಿನಲ್ಲಿ ನಾಲ್ಕು ಅಂಕಿಯ ಸೆವೆನ್ ಸೆಗ್ಮೆಂಟ್ (ಏಳು ಗೆರೆ ಉರಿದು ಅಂಕಿ ಮೂಡುವ) ಬೋರ್ಡ್ ಮಾಡಿದೆ. ಅಂಕಿಗಳನ್ನು ಒಂದಾದ ಮೇಲೊಂದು ಉರಿಸುತ್ತೇನೆ (ಮಲ್ಟಿಪ್ಲೆಕ್ಸಿಂಗ್), ಒಂದೊಂದು ಅಂಕಿಗೆ 5 ಮಿಲಿಸೆಕೆಂಡ್ ಡಿಲೇ, ಅಂದರೆ ಕಾಯುವ ಹೊತ್ತು. ನೇರ ನೋಡಿದರೆ ಸರಿ ಇದೆ, ಕಣ್ಣಂಚಿನಲ್ಲಿ ಮಿಣುಕುತ್ತದೆ. 100 ಮೈಕ್ರೋಸೆಕೆಂಡಿಗೆ ಇಳಿಸಿದರೆ ಪಕ್ಕದ ಅಂಕಿ ಮಸುಕಾಗಿ ಇದರಲ್ಲೂ ಕಾಣುತ್ತದೆ. ಎಷ್ಟು ಇಡಬೇಕು?
– ಓದುಗರು, ಬದಿಯಡ್ಕ

ಉತ್ತರ: ನಾಲ್ಕು ಅಂಕಿಗೆ ತಲಾ 5 ಅಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್, ಸೆಕೆಂಡಿಗೆ 50 ಸುತ್ತು. ಅದು ಕಡಿಮೆ ಆಯಿತು. ಮಿಣುಕುವುದು ನಮ್ಮ ಕಣ್ಣಂಚಿಗೇ ಬೇಗ ಗೊತ್ತಾಗುವುದು, ಚೆಂಡಿನ ಹಿಂದೆ ಕಣ್ಣು ಓಡಿಸುವವರಿಗಂತೂ ಅಂಕಿ ಚೂರು ಚೂರಾಗಿ ಕಾಣುತ್ತದೆ. 200 ಹರ್ಟ್ಸ್ (ಸೆಕೆಂಡಿಗೆ 200 ಸುತ್ತು) ಇಡಿ, ಅಂದರೆ ಒಂದು ಅಂಕಿಗೆ 1.25 ಮಿಲಿಸೆಕೆಂಡ್. ಡಿಲೇ ಬೇಡ, ಟೈಮರ್ ಇಂಟರಪ್ಟ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೋಡ್) ಬಳಸಿ. ಇಲ್ಲದಿದ್ದರೆ ಬಟನ್ ಒತ್ತಿದ್ದನ್ನು ಓದುವಾಗ ಒಂದು ಅಂಕಿ ಸ್ವಲ್ಪ ಜಾಸ್ತಿ ಹೊತ್ತು ಉರಿದು ಬೆಳಕು ಏರುಪೇರಾಗುತ್ತದೆ.

ನೀವು 100 ಮೈಕ್ರೋಸೆಕೆಂಡ್ ಇಟ್ಟಾಗ ಅದು 2500 ಹರ್ಟ್ಸ್ ಆಯಿತು, ಅಲ್ವಾ? ಅಂಕಿಯನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆದ ಮೇಲೆ ಆಫ್ ಆಗಲು ಕೆಲವು ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಮುಂದಿನ ಅಂಕಿಯ ಸೆಗ್ಮೆಂಟ್ ಬಂದುಬಿಟ್ಟರೆ ಹಳೆಯದರಲ್ಲೂ ಮಸುಕಾಗಿ ಉರಿಯುತ್ತದೆ. ಸುತ್ತು ಹೆಚ್ಚಿದಷ್ಟೂ ಈ ಕಳ್ಳ ಬೆಳಕಿನ ಪಾಲು ಹೆಚ್ಚುತ್ತದೆ. ಹಾಗಾಗಿ ಮೊದಲು ಎಲ್ಲ ಅಂಕಿ ಆಫ್ ಮಾಡಿ, 20–50 ಮೈಕ್ರೋಸೆಕೆಂಡ್ ಕಾದು, ಹೊಸ ಸೆಗ್ಮೆಂಟ್ ಹಾಕಿ, ಆಮೇಲೆ ಮುಂದಿನ ಅಂಕಿ ಆನ್ ಮಾಡಿ. ಇದೊಂದನ್ನು ಸರಿಮಾಡಿದರೆ ಬಹುಪಾಲು ಮಸುಕು ಹೋಗುತ್ತದೆ. ಉಳಿದರೆ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ಕಾಲುಗಳ ನಡುವೆ 10 ಕಿಲೋ ಓಮ್ ರೆಸಿಸ್ಟರ್ ಹಾಕಿ ನೋಡಿ.

ಸುತ್ತು ಹೆಚ್ಚಿಸಿದರೆ ಬೆಳಕು ಹೆಚ್ಚುವುದಿಲ್ಲ, ಯಾವ ವೇಗದಲ್ಲೂ ಒಂದೊಂದು ಅಂಕಿಗೆ ಸಿಗುವುದು ಕಾಲು ಪಾಲು ಸಮಯವೇ. ಬೆಳಕು ಸಾಲದು ಎಂದು ಸುಮ್ನೆ ರೆಸಿಸ್ಟರ್ ಇಳಿಸಬೇಡಿ, ಕರೆಂಟ್ ಏರುತ್ತದೆ; ನ್ಯಾನೋದ ಒಂದು ಪಿನ್ನಿಗೆ 20 ಮಿಲಿಆಂಪ್ ದಾಟಿಸದಿರುವುದು ಒಳ್ಳೆಯದು. 40 ಅದರ ಕೊನೆಯ ಮಿತಿ.

ಪಂದ್ಯದ ವಿಡಿಯೋ ತೆಗೆಯುವವರು ಇದ್ದರೆ 200 ಹರ್ಟ್ಸ್‌ನಲ್ಲೂ ಮೊಬೈಲಿನಲ್ಲಿ ಒಂದೆರಡು ಅಂಕಿ ಮಾಯವಾಗಬಹುದು, ಹಗಲಲ್ಲಂತೂ ಖಂಡಿತ, ಯಾಕೆಂದರೆ ಆಗ ಶಟರ್ ತೆರೆಯುವುದೇ ಕ್ಷಣ ಮಾತ್ರ. ಅದಕ್ಕೆ ಮಲ್ಟಿಪ್ಲೆಕ್ಸಿಂಗನ್ನೇ ಬಿಟ್ಟು ಅಂಕಿಗೊಂದರಂತೆ, ಕೊಟ್ಟ ಅಂಕಿಯನ್ನು ಹಿಡಿದಿಡುವ ನಾಲ್ಕು 74ಎಚ್‌ಸಿ595 ಚಿಪ್ ಹಾಕಿ. ಅಂಕಿಗಳು ಸದಾ ಉರಿಯುತ್ತವೆ. ಇಡೀ ಚಿಪ್ಪಿನ ಕರೆಂಟ್ 70 ಮಿಲಿಆಂಪ್ ಮೀರಬಾರದು, ಸೆಗ್ಮೆಂಟಿಗೆ 8 ಮಿಲಿಆಂಪ್ ಇಟ್ಟುಕೊಳ್ಳಿ.