ತೋಟದ ಸ್ಟಾರ್ಟರ್ ಪೆಟ್ಟಿಗೆಗೆ ಯಾವ ಕೇಬಲ್ ಗ್ಲ್ಯಾಂಡ್ ಹಾಕಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಪೆಟ್ಟಿಗೆ ಪಂಪ್‌ಹೌಸಿನ ಹೊರಗೋಡೆಯ ಮೇಲೆ, ಒಂದು ಸಣ್ಣ ಶೀಟಿನ ಕೆಳಗಿದೆ. ಅದಕ್ಕೆ ಮೂರು ಕೇಬಲ್‌ಗಳು ಸೇರುತ್ತವೆ: ಮೀಟರ್ ಕಡೆಯಿಂದ ಬರುವ ಆರ್ಮರ್ಡ್ ಕೇಬಲ್ (ಹೊರಕವಚದ ಕೆಳಗೆ ಕಬ್ಬಿಣದ ತಂತಿಯ ರಕ್ಷಣೆ ಇರುವಂಥದ್ದು), ಬೋರ್‌ವೆಲ್‌ಗೆ ಇಳಿಯುವ ಚಪ್ಪಟೆ ಕೇಬಲ್, ತೊಟ್ಟಿಯ ಫ್ಲೋಟ್ ಸ್ವಿಚ್ಚಿನ ತೆಳು ಕೇಬಲ್. ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ತೂತಿನಲ್ಲಿ ಕೂತು ಅದನ್ನು ಬಿಗಿಹಿಡಿಯುವ ಬಿಡಿಭಾಗವೇ ಗ್ಲ್ಯಾಂಡ್. ಅಂಗಡಿಯಲ್ಲಿ ಅದನ್ನು ಕೇಳಿದಾಗ ‘ಪಿಜಿ ಬೇಕೋ ಎಂ ಬೇಕೋ, ನೈಲಾನೋ ಹಿತ್ತಾಳೆಯೋ’ ಎಂದು ಮರುಪ್ರಶ್ನೆ ಹಾಕಿದರು. ಏನು ಹೇಳಬೇಕೆಂದು ಕೇಳಿದ್ದೀರಿ.

ಪೀಣ್ಯದಲ್ಲಿ ಕಂಟ್ರೋಲ್ ಪ್ಯಾನೆಲ್‌ಗಳನ್ನು ಕಟ್ಟುವುದೇ ನನ್ನ ಕೆಲಸ. ಮೊದಲು ಹೇಳಬೇಕಾದದ್ದು: ನಿಮಗೆ ಬೇಕಾಗಿರುವುದು ಒಂದೇ ಜಾತಿಯ ಮೂರು ಗ್ಲ್ಯಾಂಡ್‌ಗಳಲ್ಲ, ಮೂರು ಬೇರೆ ಬೇರೆ ಗ್ಲ್ಯಾಂಡ್‌ಗಳು. ಅಂಗಡಿಗೆ ಹೊರಡುವ ಮುನ್ನ ಪ್ರತಿ ಕೇಬಲ್ಲಿನ ಹೊರವ್ಯಾಸವನ್ನು ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಪೆಟ್ಟಿಗೆಯ ತೂತನ್ನು ನೋಡಿ ಗ್ಲ್ಯಾಂಡ್ ಕೊಳ್ಳುವವರೇ ಹೆಚ್ಚು. ತೂತು ಚಿಕ್ಕದಾದರೆ ಕೊರೆದು ದೊಡ್ಡದು ಮಾಡಬಹುದು, ದೊಡ್ಡದಾದರೆ ತೂತನ್ನು ಕಿರಿದಾಗಿಸುವ ರಿಡ್ಯೂಸರ್ ಹಾಕಬಹುದು. ಕೇಬಲ್ಲಿನ ದಪ್ಪವನ್ನು ಮಾತ್ರ ಯಾರೂ ಬದಲಿಸಲಾಗುವುದಿಲ್ಲ. ನೀರನ್ನು ತಡೆಯುವುದು ಗ್ಲ್ಯಾಂಡಿನ ಒಳಗಿರುವ ರಬ್ಬರ್ ಉಂಗುರ. ಅದು ಕೇಬಲ್ಲಿನ ಹೊರಕವಚವನ್ನು ಸುತ್ತಲೂ ಸಮನಾಗಿ ಒತ್ತಿ ಹಿಡಿದರೆ ಮಾತ್ರ ಗ್ಲ್ಯಾಂಡ್ ಹಾಕಿದ್ದಕ್ಕೆ ಅರ್ಥ.

ವರ್ನಿಯರ್ ಕ್ಯಾಲಿಪರ್ ಇಲ್ಲದಿದ್ದರೆ ಚಿಂತೆಯಿಲ್ಲ. ಕಾಗದದ ಒಂದು ಸಪೂರ ಪಟ್ಟಿಯನ್ನು ಕೇಬಲ್ಲಿಗೆ ಬಿಗಿಯಾಗಿ ಒಂದು ಸುತ್ತು ಸುತ್ತಿ, ಕೂಡುವಲ್ಲಿ ಪೆನ್ನಿನಿಂದ ಗುರುತು ಹಾಕಿ, ಬಿಡಿಸಿ ಸ್ಕೇಲಿನಲ್ಲಿ ಅಳೆದು 3.14ರಿಂದ ಭಾಗಿಸಿ. 33 ಮಿಲಿಮೀಟರ್ ಬಂದರೆ ವ್ಯಾಸ ಸುಮಾರು 10.5 ಮಿ.ಮೀ. ಗ್ಲ್ಯಾಂಡಿನ ಪೊಟ್ಟಣದ ಮೇಲೆ ಅಥವಾ ಕಂಪನಿಯ ಪಟ್ಟಿಯಲ್ಲಿ ಅದು ಹಿಡಿಯುವ ಕೇಬಲ್ ವ್ಯಾಸದ ವ್ಯಾಪ್ತಿ ಇರುತ್ತದೆ. ಪಿಜಿ, ಎಂ ಎಂಬುವು ಥ್ರೆಡ್ಡಿನ (ತಿರುಪಿನ ಸುತ್ತಿನ) ಎರಡು ಪದ್ಧತಿಗಳು, ವಿವರ ಮುಂದಿದೆ. ಎಂ 20 ನೈಲಾನ್ ಗ್ಲ್ಯಾಂಡಿಗೆ ಸಾಮಾನ್ಯವಾಗಿ 6ರಿಂದ 12 ಮಿ.ಮೀ., ಪಿಜಿ 7ಕ್ಕೆ 3ರಿಂದ 6.5 ಮಿ.ಮೀ.; ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ. ನಿಮ್ಮ ಕೇಬಲ್ ಆ ವ್ಯಾಪ್ತಿಯ ನಡುವೆ ಬರುವಂತೆ ಆರಿಸಿ. ಕೆಳಗಿನ ಅಂಚಿನಲ್ಲಿ ಬಿದ್ದರೆ ರಬ್ಬರ್ ಸಾಕಷ್ಟು ಒತ್ತುವುದಿಲ್ಲ, ಮೇಲಿನ ಅಂಚಿನಲ್ಲಿ ಬಿದ್ದರೆ ಕ್ಯಾಪ್ ಥ್ರೆಡ್ಡಿಗೆ ಸರಿಯಾಗಿ ಕೂರುವುದಿಲ್ಲ. ತೆಳು ಕೇಬಲ್ಲಿಗೆ ಇನ್ಸುಲೇಷನ್ ಟೇಪ್ ಸುತ್ತಿ ದಪ್ಪ ಮಾಡಿ ತೂರಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಟೇಪಿನ ಪದರಗಳ ನಡುವೆಯೇ ನೀರು ನುಸುಳಿ ಒಳಗೆ ಬರುತ್ತದೆ. ಎರಡು ಬೇಸಿಗೆ ಕಳೆದರೆ ಅದರ ಅಂಟೂ ಕರಗಿ ಜಾರತೊಡಗುತ್ತದೆ. ಹಾಗೆಯೇ ಒಂದೇ ಗ್ಲ್ಯಾಂಡಿನಲ್ಲಿ ಎರಡು ಕೇಬಲ್ ಬೇಡ. ಎರಡು ದುಂಡು ಕೇಬಲ್‌ಗಳ ನಡುವಿನ ಸಂದನ್ನು ಯಾವ ಉಂಗುರವೂ ಮುಚ್ಚುವುದಿಲ್ಲ. ಎರಡನ್ನು ತರಲೇಬೇಕಾದರೆ ಎರಡು ತೂತಿನ ರಬ್ಬರ್ ಇನ್‌ಸರ್ಟ್ ಇರುವ ಗ್ಲ್ಯಾಂಡ್ ಸಿಗುತ್ತದೆ, ಅದನ್ನು ಕೇಳಿ.

ಈಗ ನಿಮ್ಮ ಮೂರು ಕೇಬಲ್‌ಗಳಿಗೆ ಬರುತ್ತೇನೆ. ಫ್ಲೋಟ್ ಸ್ವಿಚ್ಚಿನದು ಸುಲಭ. ದುಂಡು ಕೇಬಲ್, ತೆಳುವಾದದ್ದು. ಅಳತೆ ನೋಡಿ ಕಪ್ಪು ನೈಲಾನಿನ ಪಿಜಿ 7 ಅಥವಾ ಎಂ 12 ತನ್ನಿ, ಅಷ್ಟೇ.

ಕಷ್ಟ ಇರುವುದು ಚಪ್ಪಟೆ ಕೇಬಲ್ಲಿನಲ್ಲಿ. ನಿಮ್ಮ ಪ್ರಶ್ನೆಗೆ ಇಷ್ಟು ಉದ್ದ ಬರೆಯಲು ಕಾರಣವೂ ಅದೇ. ಸಬ್‌ಮರ್ಸಿಬಲ್ (ನೀರಿನಲ್ಲಿ ಮುಳುಗಿರುವ) ಪಂಪಿನ ಕೇಬಲ್ಲಿನಲ್ಲಿ ಮೂರು ಕೋರ್‌ಗಳು, ಅಂದರೆ ಒಳತಂತಿಗಳು, ಒಂದರ ಪಕ್ಕ ಒಂದು ಮಲಗಿರುತ್ತವೆ. ಅದನ್ನು ದುಂಡು ಗ್ಲ್ಯಾಂಡಿನೊಳಗೆ ತೂರಿಸಿ ಕ್ಯಾಪ್ ಬಿಗಿದರೆ ರಬ್ಬರ್ ಉಂಗುರ ಕೇಬಲ್ಲಿನ ಎರಡು ಕಿರಿದಾದ ಅಂಚುಗಳನ್ನು ಮಾತ್ರ ಒತ್ತುತ್ತದೆ. ಅಗಲವಾದ ಎರಡು ಮೈಗಳ ಮೇಲೆ ಅರ್ಧಚಂದ್ರದ ಆಕಾರದ ಸಂದು ಹಾಗೆಯೇ ಉಳಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಗ್ಲ್ಯಾಂಡ್ ಬಿಗಿಯಾಗಿಯೇ ಕಾಣುತ್ತದೆ, ಕೇಬಲ್ ಎಳೆದರೂ ಬರುವುದಿಲ್ಲ. ಆದರೆ ಆ ಸಂದಿನಿಂದ ಇರುವೆ, ಹಲ್ಲಿಮರಿ, ಮಣ್ಣಿನ ಗೂಡು ಕಟ್ಟುವ ಕಣಜ ಎಲ್ಲವೂ ಒಳಗೆ ಹೋಗುತ್ತವೆ. ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟ್ ಕೂಡಿಸಿ ಬಿಡಿಸುವ ಸ್ವಿಚ್ಚಿನ) ಪಾಯಿಂಟುಗಳ ನಡುವೆ ಇರುವೆ ಸಿಕ್ಕಿಕೊಂಡು ಸ್ಟಾರ್ಟರ್ ಗುಂಯ್‌ಗುಡುವುದು, ಒಂದು ಫೇಸ್ ಸರಿಯಾಗಿ ಕೂಡದೆ ಮೋಟಾರ್ ಬಿಸಿಯಾಗುವುದು ತೋಟದವರಿಗೆ ಹೊಸದೇನಲ್ಲ. ಬೋರ್‌ವೆಲ್‌ನಿಂದ ಮೋಟಾರ್ ಎತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಖರ್ಚನ್ನು ನೆನೆದರೆ ಈ ಸಂದನ್ನು ಹಗುರವಾಗಿ ನೋಡಲು ನನಗೆ ಮನಸ್ಸೇ ಬರುವುದಿಲ್ಲ.

ಇದಕ್ಕೆ ಎರಡು ಸರಿಯಾದ ದಾರಿಗಳಿವೆ. ಮೊದಲನೆಯದು, ಚಪ್ಪಟೆ ತೂತಿನ ಇನ್‌ಸರ್ಟ್ ಇರುವ ಗ್ಲ್ಯಾಂಡ್. ಹೊರಗಿನ ದೇಹ ಸಾಮಾನ್ಯ ಗ್ಲ್ಯಾಂಡಿನದೇ. ಒಳಗಿನ ರಬ್ಬರಿನಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳು ಇರುತ್ತದೆ. ಕೊಳ್ಳುವಾಗ ಕೇಬಲ್ಲಿನ ಅಗಲ, ದಪ್ಪ ಎರಡನ್ನೂ ಹೇಳಬೇಕು. ಸಾಧ್ಯವಾದರೆ ಒಂದು ಗೇಣು ಕೇಬಲ್ ತುಂಡನ್ನೇ ಒಯ್ಯಿರಿ. ಊರಿನ ಅಂಗಡಿಯಲ್ಲಿ ಇದು ಸಿಗದೆ ಹೋಗಬಹುದು. ಬೆಂಗಳೂರಿಗೆ ಬರುವವರಿದ್ದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಎಸ್.ಪಿ. ರಸ್ತೆಯ ಕಡೆ ವಿಚಾರಿಸಲು ಹೇಳಿ. ಎರಡನೆಯದು, ಬೋರ್‌ವೆಲ್‌ನ ಬಾಯಿಯ ಹತ್ತಿರ, ನೆಲದಿಂದ ಎತ್ತರದಲ್ಲಿ ಒಂದು ಜಂಕ್ಷನ್ ಪೆಟ್ಟಿಗೆ ಇಟ್ಟು, ಚಪ್ಪಟೆ ಕೇಬಲ್ಲನ್ನು ಅಲ್ಲಿಗೇ ನಿಲ್ಲಿಸಿ, ಅಲ್ಲಿಂದ ಸ್ಟಾರ್ಟರಿಗೆ ಅಷ್ಟೇ ಅಥವಾ ಹೆಚ್ಚು ದಪ್ಪದ ಕೋರ್ ಇರುವ ದುಂಡು ಕೇಬಲ್ ಎಳೆಯುವುದು. ಜಂಕ್ಷನ್ ಪೆಟ್ಟಿಗೆಗೆ ಹೇಗೂ ಚಪ್ಪಟೆ ಗ್ಲ್ಯಾಂಡ್ ಬೇಕಲ್ಲ ಎನ್ನಬಹುದು. ನಿಜ, ಬೇಕು. ಆದರೆ ಅಲ್ಲಿ ಇರುವುದು ಟರ್ಮಿನಲ್‌ಗಳು ಮಾತ್ರ, ಕಾಂಟ್ಯಾಕ್ಟರ್ ಇಲ್ಲ; ಮುಂದೆ ಮೋಟಾರ್ ಎತ್ತುವಾಗ ಸ್ಟಾರ್ಟರ್ ಪೆಟ್ಟಿಗೆಯನ್ನು ಮುಟ್ಟುವ ಅಗತ್ಯವೂ ಬೀಳುವುದಿಲ್ಲ. ದೂರ ಹೆಚ್ಚಿದ್ದರೆ ನಾನು ಈ ದಾರಿಯನ್ನೇ ಆರಿಸುತ್ತೇನೆ. ನಿಮ್ಮಲ್ಲಿ ಬೋರ್‌ವೆಲ್ ಪಂಪ್‌ಹೌಸಿನ ಪಕ್ಕದಲ್ಲೇ ಇದ್ದರೆ ಮೊದಲನೆಯದೇ ಸಾಕು.

ಸಂದಿಗೆ ಸಿಲಿಕೋನ್ ತುಂಬಿದರೆ ಆಗದೇ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ತಾಮ್ರದ ತಂತಿ, ಟರ್ಮಿನಲ್‌ಗಳನ್ನು ತಿನ್ನುತ್ತದೆ. ತಾತ್ಕಾಲಿಕವಾಗಿ ಮುಚ್ಚಲೇಬೇಕಾದರೆ ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದದ್ದನ್ನೇ ಕೊಳ್ಳಿ. ಎಪಾಕ್ಸಿ ಪುಟ್ಟಿ ಬೇಡವೇ ಬೇಡ, ಮುಂದೆ ಕೇಬಲ್ ಬಿಡಿಸಬೇಕಾದಾಗ ಅದನ್ನು ಕತ್ತರಿಸದೆ ಬೇರೆ ಗತಿಯಿರುವುದಿಲ್ಲ.

ಮೂರನೆಯದು ಆರ್ಮರ್ಡ್ ಕೇಬಲ್. ಇದಕ್ಕೆ ನೈಲಾನ್ ಗ್ಲ್ಯಾಂಡ್ ಹಾಕಬೇಡಿ. ಹೊರಕವಚದ ಕೆಳಗಿರುವ ಕಬ್ಬಿಣದ ತಂತಿ ಅಥವಾ ಪಟ್ಟಿಗಳನ್ನು ಹಿಡಿದು ಅರ್ತ್‌ಗೆ ಸೇರಿಸುವ ಕೆಲಸವೂ ಗ್ಲ್ಯಾಂಡಿನದೇ ಆದ್ದರಿಂದ ಹಿತ್ತಾಳೆಯದು, ಅದರಲ್ಲೂ ನಿಕಲ್ ಲೇಪನವಿರುವುದು ಬೇಕು. ಸಿಂಗಲ್ ಕಂಪ್ರೆಷನ್, ಡಬಲ್ ಕಂಪ್ರೆಷನ್ ಎಂದು ಎರಡು ಬಗೆ ತೋರಿಸುತ್ತಾರೆ. ಒಣಗಿದ ಕೋಣೆಯೊಳಗಾದರೆ ಸಿಂಗಲ್ ನಡೆಯುತ್ತದೆ. ಮಲೆನಾಡಿನ ಮಳೆಗೆ ಮುಖ ಕೊಟ್ಟ ಗೋಡೆಯ ಮೇಲೆ ಡಬಲ್ ಕಂಪ್ರೆಷನ್ನೇ ಹಾಕಿ. ಅದರಲ್ಲಿ ಹೊರಕವಚದ ಮೇಲೊಂದು, ಆರ್ಮರಿನ ಒಳಗಿನ ಕವಚದ ಮೇಲೊಂದು ಎಂದು ಎರಡು ರಬ್ಬರ್ ಸೀಲ್‌ಗಳಿರುತ್ತವೆ. ಹೊರಕವಚ ಎಲ್ಲೋ ಸೀಳಿ ಆರ್ಮರಿನ ಸಂದಿನಲ್ಲಿ ನೀರು ಹರಿದು ಬಂದರೂ ಒಳಗಿನ ಸೀಲ್ ಅದನ್ನು ಪೆಟ್ಟಿಗೆಯ ಬಾಗಿಲಲ್ಲೇ ತಡೆಯುತ್ತದೆ. ಹಾಗಾಗಿ ಇದನ್ನು ಕೊಳ್ಳಲು ಹೊರವ್ಯಾಸದ ಜೊತೆ ಒಳಕವಚದ ವ್ಯಾಸವೂ ಗೊತ್ತಿರಬೇಕು. ಅಂಗಡಿಯವರು ‘ನಾಲ್ಕು ಕೋರ್ ಆರು ಸ್ಕ್ವೇರ್’ (ತಲಾ ಆರು ಚದರ ಮಿ.ಮೀ.ನ ನಾಲ್ಕು ಒಳತಂತಿ) ಎಂಬಷ್ಟರಿಂದಲೇ ಒಂದನ್ನು ಎತ್ತಿ ಕೊಡುತ್ತಾರೆ; ಬಹುಪಾಲು ಹೊಂದುತ್ತದೆ, ಆದರೂ ಅಳತೆ ಕೈಯಲ್ಲಿರಲಿ.

ಜೋಡಿಸುವಾಗ ಗಮನವಿಟ್ಟು ನೋಡಿ, ಏಕೆಂದರೆ ಎಲೆಕ್ಟ್ರಿಷಿಯನ್ನರು ಅವಸರ ಮಾಡುವುದು ಇಲ್ಲಿಯೇ. ಗ್ಲ್ಯಾಂಡಿನ ಹಿಂಭಾಗದ ನಟ್ ಮತ್ತು ಸೀಲ್‌ಗಳನ್ನು ಮೊದಲೇ ಕೇಬಲ್ಲಿಗೆ ಪೋಣಿಸಿಕೊಳ್ಳಬೇಕು. ಆಮೇಲೆ ಹೊರಕವಚ ಸುಲಿದು, ಆರ್ಮರ್ ತಂತಿಗಳನ್ನು ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿ, ಛತ್ರಿಯ ಕಡ್ಡಿಗಳಂತೆ ಸುತ್ತಲೂ ಅರಳಿಸಿ, ಗ್ಲ್ಯಾಂಡಿನ ಕೋನ್ ಮೇಲೆ ಒಂದರ ಮೇಲೊಂದು ಏರದಂತೆ ಕೂರಿಸಬೇಕು. ನಂತರ ಉಂಗುರ ಸರಿಸಿ ನಟ್ ಬಿಗಿದರೆ ಎಲ್ಲ ತಂತಿಗಳೂ ಕೋನ್ ಮತ್ತು ಉಂಗುರದ ನಡುವೆ ಸಿಕ್ಕಿಕೊಳ್ಳುತ್ತವೆ. ಅರ್ಧ ತಂತಿಗಳನ್ನು ಕತ್ತರಿಸಿ ಬಿಸಾಡಿ ನಾಲ್ಕೈದನ್ನು ಮಾತ್ರ ಕೂರಿಸಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಫಾಲ್ಟ್ ಆದ ದಿನ ಇಡೀ ಕರೆಂಟ್ ಆ ನಾಲ್ಕೈದು ತಂತಿಗಳಲ್ಲೇ ಹರಿಯಬೇಕಾಗುತ್ತದೆ. ಗ್ಲ್ಯಾಂಡಿನ ಜೊತೆ ಅರ್ತ್ ಟ್ಯಾಗ್ ಎಂಬ ಹಿತ್ತಾಳೆಯ ಬಿಲ್ಲೆಯನ್ನೂ ಕೇಳಿ ಪಡೆಯಿರಿ. ಪೆಟ್ಟಿಗೆ ಪ್ಲಾಸ್ಟಿಕ್ಕಿನದಾದರೆ ಆ ಟ್ಯಾಗ್‌ನಿಂದ ಅರ್ತ್ ಟರ್ಮಿನಲ್‌ಗೆ ತಂತಿ ಎಳೆಯದೆ ಆರ್ಮರ್ ಅರ್ತ್ ಆಗುವುದಿಲ್ಲ. ಕಬ್ಬಿಣದ ಪೆಟ್ಟಿಗೆಯಾದರೂ ನಡುವೆ ಬಣ್ಣದ ಪದರ ಇರುವುದರಿಂದ ತಂತಿ ಎಳೆಯುವುದೇ ಸರಿ.

ಪಿಜಿ, ಎಂ ವಿಚಾರ. ಪಿಜಿ ಜರ್ಮನಿಯ ಹಳೆಯ ಥ್ರೆಡ್ ಪದ್ಧತಿ. ಎಂ ಎಂದರೆ ಮೆಟ್ರಿಕ್. ಎಂ 20ರಲ್ಲಿ 20 ಎಂಬುದು ಥ್ರೆಡ್ಡಿನ ಹೊರವ್ಯಾಸ. ಪಿಜಿಯ ಅಂಕಿಗೆ ಥ್ರೆಡ್ಡಿನ ವ್ಯಾಸದೊಡನೆ ಅಂಥ ನೇರ ಸಂಬಂಧವಿಲ್ಲ: ಪಿಜಿ 13.5ರ ಥ್ರೆಡ್ 20.4 ಮಿ.ಮೀ. ಈ ಎರಡು ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೆ ಒಂದೇ. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಸರಿಯಾಗಿ ಕೂರುವುದಿಲ್ಲ. ಬಲ ಹಾಕಿದರೆ ಥ್ರೆಡ್ ಹರಿಯುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿರುವುದು ಥ್ರೆಡ್ ಇಲ್ಲದ ಬರೀ ತೂತು, ಒಳಗಿನಿಂದ ಲಾಕ್‌ನಟ್ ಬಿಗಿಯುವಂಥದ್ದು. ಹಾಗಾಗಿ ಯಾವುದಾದರೂ ಆದೀತು. ಗ್ಲ್ಯಾಂಡಿನ ಜೊತೆ ಬಂದ ಲಾಕ್‌ನಟ್ಟನ್ನೇ ಬಳಸಿದರಾಯಿತು. ಮೋಟಾರಿನ ಟರ್ಮಿನಲ್ ಬಾಕ್ಸಿನಂತೆ ತೂತಿನಲ್ಲೇ ಥ್ರೆಡ್ ಇದ್ದರೆ ಮಾತ್ರ ಈ ಪ್ರಶ್ನೆ ನಿಜಕ್ಕೂ ಮುಖ್ಯವಾಗುತ್ತದೆ. ಹೊಸದಾಗಿ ಕೊಳ್ಳುವಾಗ ನಾನು ಮೆಟ್ರಿಕ್ಕನ್ನೇ ಕೇಳುತ್ತೇನೆ.

ನೈಲಾನ್ ಕೊಳ್ಳುವಲ್ಲಿ ಕಪ್ಪು ಬಣ್ಣವನ್ನೇ ಆರಿಸಿ. ಕಾರ್ಬನ್ ಬೆರೆಸಿದ ಕಪ್ಪು ನೈಲಾನ್ ಬಿಸಿಲನ್ನು ತಡೆಯುವಷ್ಟು ಬಿಳಿಯದು ತಡೆಯುವುದಿಲ್ಲ; ಬಿಳಿಯದು ಬಿರುಸಾಗಿ ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ನಿಮ್ಮದು ಅಡಿಕೆ ತೋಟವಾದ್ದರಿಂದ ಇನ್ನೊಂದು ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ನೀವು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸುತ್ತೀರಿ. ದ್ರಾವಣ ಹದವಾಯಿತೇ ಎಂದು ಕತ್ತಿಯ ತುದಿ ಅದ್ದಿ, ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕುತ್ತೀರಿ. ಅದೇ ತಾಮ್ರದ ಉಪ್ಪು ಸತುವಿನ ಲೇಪನದ ನಟ್‌ಬೋಲ್ಟ್, ಆರ್ಮರ್ ತಂತಿ, ಅಲ್ಯೂಮಿನಿಯಂಗಳ ಮೇಲೂ ಅದೇ ಕೆಲಸ ಮಾಡುತ್ತದೆ. ದ್ರಾವಣ ಕಲಸುವ ಜಾಗ ಪಂಪ್‌ಹೌಸಿನ ಪಕ್ಕದಲ್ಲಿದ್ದರೆ ಪೆಟ್ಟಿಗೆ ಪ್ಲಾಸ್ಟಿಕ್ಕಿನದಿರಲಿ, ಹಿತ್ತಾಳೆ ಗ್ಲ್ಯಾಂಡಿನ ಮೇಲೆ ಪಿವಿಸಿಯ ಮುಸುಕು ಹಾಕಿ. ಅದು ಗ್ಲ್ಯಾಂಡಿನ ಅಳತೆಗೆ ತಕ್ಕಂತೆ ಸಿಗುತ್ತದೆ, ಅಗ್ಗದ ವಸ್ತು.

ದೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ತಿಳಿಸುವ ಐಪಿ ಅಂಕಿಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಮಳೆಗೆ ಐಪಿ 65 ಸಾಕು. ಐಪಿ 67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದರ್ಥ. ಪೈಪಿನಿಂದ ರಭಸವಾಗಿ ಹೊಡೆದ ನೀರನ್ನೂ ತಡೆಯುತ್ತದೆ ಎಂದು ಅದರಿಂದ ಹೇಳಲಾಗದು, ಅದು ಬೇರೆ ಪರೀಕ್ಷೆ. ಐಪಿ 68 ಗ್ಲ್ಯಾಂಡ್ ಹಾಕಿ ಪೆಟ್ಟಿಗೆಯ ಬಾಗಿಲಿನ ರಬ್ಬರ್ ಹರಿದಿದ್ದರೆ ಕೊಟ್ಟ ಹಣ ನೀರುಪಾಲು.

ಅದಕ್ಕಿಂತ ಹೆಚ್ಚು ಫಲ ಕೊಡುವುದು ಕೇಬಲ್ ಯಾವ ಕಡೆಯಿಂದ ಬರುತ್ತದೆ ಎಂಬುದು. ಮೂರೂ ಪೆಟ್ಟಿಗೆಯ ತಳದಿಂದಲೇ ಬರಲಿ. ಗ್ಲ್ಯಾಂಡಿಗಿಂತ ಕೆಳಗೆ ಕೇಬಲ್ ಒಮ್ಮೆ ಇಳಿದು ಬಾಗಿ ಮೇಲೇರಲಿ, ಮೈಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಪೆಟ್ಟಿಗೆಯಿಂದ ಒಂದು ಅಡಿಯೊಳಗೆ ಕೇಬಲ್ಲನ್ನು ಗೋಡೆಗೆ ಕ್ಲ್ಯಾಂಪ್ ಮಾಡಿ. ಕೇಬಲ್ಲಿನ ಭಾರ ಗ್ಲ್ಯಾಂಡಿನ ಮೇಲೆ ಬಿದ್ದರೆ ರಬ್ಬರ್ ಒಂದೇ ಕಡೆ ಒತ್ತಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಎಲ್ಲ ಸರಿಯಾಗಿ ಮುಚ್ಚಿದರೂ ಜುಲೈ ತಿಂಗಳಲ್ಲಿ ಒಳಗೆ ನೀರಿನ ಹನಿ ಕಾಣಬಹುದು: ಪಂಪ್ ಓಡುವಾಗ ಬಿಸಿಯಾದ ಗಾಳಿ ನಿಲ್ಲಿಸಿದಾಗ ತಣಿದು, ಅದರಲ್ಲಿದ್ದ ತೇವವೇ ಹನಿಗಟ್ಟುತ್ತದೆ. ತಳದಲ್ಲಿ ಒಂದು ಬ್ರೀದರ್ ಡ್ರೈನ್ ಪ್ಲಗ್ ಹಾಕಿಸಿ. ನೀರು ಹೊರಹೋಗುತ್ತದೆ, ಇರುವೆ ಬರುವುದಿಲ್ಲ.

ತೂತು ಕೊರೆಯುವಾಗ ಎಂ 20ಕ್ಕೆ 20.5 ಮಿ.ಮೀ. ಸಾಕು. ಅಂಚಿನ ಚೂಪನ್ನು ಅರದಿಂದ ಉಜ್ಜಿ, ವಾಷರ್ ಹೊರಗೆ, ಲಾಕ್‌ನಟ್ ಒಳಗೆ ಬರುವಂತೆ ಹಾಕಿ. ನೈಲಾನ್ ಕ್ಯಾಪನ್ನು ಕೈಯಲ್ಲಿ ಬಿಗಿದು, ಸ್ಪ್ಯಾನರಿನಿಂದ ಅರ್ಧ ಸುತ್ತು ತಿರುಗಿಸಿ. ಕ್ಯಾಪಿನ ಬಾಯಲ್ಲಿ ರಬ್ಬರ್ ಒಂದಿಷ್ಟು ಉಬ್ಬಿ, ಕೇಬಲ್ಲಿನ ಸುತ್ತ ಸಮನಾದ ತುಟಿಯಂತೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಒಳಗಿನ ಹಲ್ಲುಗಳು ಮುರಿಯುತ್ತವೆ. ರಬ್ಬರ್ ಒತ್ತಡದಲ್ಲಿ ದಿನ ಕಳೆದಂತೆ ಸಡಿಲವಾಗುವುದರಿಂದ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತಿಟ್ಟು, ಮೂರನ್ನೂ ಒಮ್ಮೆ ಪರೀಕ್ಷಿಸಿ.

ಕೇಬಲ್‌ಗಳ ಅಳತೆ ಸಿಕ್ಕ ಮೇಲೆ ಇಲ್ಲೇ ಬರೆಯಿರಿ: ಚಪ್ಪಟೆ ಕೇಬಲ್ಲಿನ ಅಗಲ ಮತ್ತು ದಪ್ಪ, ಆರ್ಮರ್ಡ್ ಕೇಬಲ್ಲಿನ ಒಳಕವಚ ಮತ್ತು ಹೊರಕವಚದ ವ್ಯಾಸ, ಪೆಟ್ಟಿಗೆಯ ತಳದಲ್ಲಿ ಈಗಾಗಲೇ ಎಷ್ಟು ತೂತುಗಳಿವೆ ಎಂಬುದು. ಉಪಯೋಗಿಸದೆ ಉಳಿಯುವ ತೂತುಗಳಿಗೆ ಬ್ಲ್ಯಾಂಕಿಂಗ್ ಪ್ಲಗ್‌ಗಳನ್ನೂ ಪಟ್ಟಿಗೆ ಸೇರಿಸಬೇಕು. ಮೂರಕ್ಕೂ ಯಾವ ಸೈಜ್ ತರಬೇಕೆಂದು ಆಗ ಖಚಿತವಾಗಿ ಹೇಳುತ್ತೇನೆ.