ಇಂದಿನ ಚೀನಾ ಸಮಾಜದ ಬಗ್ಗೆ ಓದಲು ಎಲ್ಲಿಂದ ಶುರುಮಾಡಲಿ? ಅಲ್ಲಿನ ವಿದ್ವಾಂಸರು ಬರೆದದ್ದನ್ನು ನಂಬಬಹುದೇ?

ನಂಬುವ ಮಾತು ಆಮೇಲೆ. ಮೊದಲು ಚೀನಾದ ಮಾನವಶಾಸ್ತ್ರಜ್ಞ ಶಿಯಾಂಗ್ ಬ್ಯಾವೊ ಅವರನ್ನು ಓದಿ.

ಚೀನಾದ ಮೇಲಿನ ಆಸೆಯಿಂದೇನೂ ನಾನು ಅವರನ್ನು ಓದಲಿಲ್ಲ. ಬೆಂಗಳೂರಿನಲ್ಲಿ ಪ್ರಾಜೆಕ್ಟ್ ಮುಗಿದು ನಾಲ್ಕು ತಿಂಗಳು ಬೆಂಚ್ ಮೇಲೆ, ಅಂದರೆ ಮುಂದಿನ ಕೆಲಸಕ್ಕೆ ಕಾಯುತ್ತಾ, ಕೂತಿದ್ದೆ. ಗೆಳೆಯನೊಬ್ಬ "ನಿನ್ನ ಕಥೇನ ಚೀನಾದವನೊಬ್ಬ ಬರೆದಿದ್ದಾನೆ ನೋಡೋ" ಅಂತ ಶಿಯಾಂಗ್ ಅವರ ಪುಸ್ತಕ ಕೊಟ್ಟ. ನಿಜವೇ. ಏಜೆಂಟರು ಆಂಧ್ರದ ಸಾಫ್ಟ್‌ವೇರ್ ಹುಡುಗರನ್ನು ಸಿಡ್ನಿಗೆ ಸಾಗಿಸುವುದು, ಕೆಲಸವಿಲ್ಲದಾಗ ಬೆಂಚಿಗೆ ತಳ್ಳುವುದು, ಇದರ ಹಿಂದಿನ ಖರ್ಚಿಗೂ ವರದಕ್ಷಿಣೆಗೂ ಇರುವ ನಂಟು, ಎಲ್ಲವೂ ಅದರಲ್ಲಿತ್ತು. ನಮ್ಮನ್ನು ಇಷ್ಟು ಹತ್ತಿರದಿಂದ ನೋಡಿದವರು ತಮ್ಮವರನ್ನು ಹೇಗೆ ನೋಡಿರಬಹುದು ಅನ್ನೋ ಕುತೂಹಲದಿಂದ ಅವರ ಮೊದಲ ಕೆಲಸಕ್ಕೆ ಕೈಹಾಕಿದೆ.

ಅದು ಬೀಜಿಂಗ್‌ನ ದಕ್ಷಿಣದಂಚಿನ 'ಝೆಜಿಯಾಂಗ್ ಹಳ್ಳಿ'ಯ ಕಥೆ. ಹೆಸರಿಗೆ ಹಳ್ಳಿ, ಅಷ್ಟೆ. ದೂರದ ಝೆಜಿಯಾಂಗ್ ಪ್ರಾಂತ್ಯದ ವೆನ್‌ಜೋ ಕಡೆಯಿಂದ ಬಂದ ದರ್ಜಿಗಳು ಬೀಜಿಂಗ್ ರೈತರ ಮನೆಗಳನ್ನು ಬಾಡಿಗೆಗೆ ಹಿಡಿದು, ಒಂದೇ ಕೋಣೆಯಲ್ಲಿ ಹೊಲಿದು, ಉಂಡು, ಮಲಗುತ್ತಿದ್ದರು. ಹೊಲಿದ ಚರ್ಮದ ಜಾಕೆಟ್ ರಷ್ಯಾದ ವ್ಯಾಪಾರಿಗಳ ಕೈಗೂ ಹೋಗುತ್ತಿತ್ತು. ಚೀನಾದಲ್ಲಿ 1958ರಿಂದ ಗಟ್ಟಿಯಾದ 'ಹುಕೋ' ಎಂಬ ಮನೆ ನೋಂದಣಿ ಇದೆ. ಹುಟ್ಟಿದೂರಿನ ಹುಕೋ ಇಟ್ಟುಕೊಂಡು ಊರು ಬಿಟ್ಟವರಿಗೆ ಪಟ್ಟಣದ ಸರ್ಕಾರಿ ಶಾಲೆ, ಸವಲತ್ತು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಈ ದರ್ಜಿಗಳು ಶಿಶುವಿಹಾರ, ದವಾಖಾನೆ, ಮಾರುಕಟ್ಟೆ ಎಲ್ಲವನ್ನೂ ತಾವೇ ಕಟ್ಟಿಕೊಂಡರು. 1995ರ ಕೊನೆಗೆ ಸರ್ಕಾರ ಅವರ ದೊಡ್ಡ ವಠಾರಗಳನ್ನು ಕೆಡವಿತು. ಎಷ್ಟೋ ಜನ ಪಕ್ಕದ ಹೆಬೈ ಪ್ರಾಂತ್ಯಕ್ಕೆ ಸರಿದರು, ಕೆಲವೇ ತಿಂಗಳಲ್ಲಿ ಮತ್ತೆ ಬಂದರು!

ಶಿಯಾಂಗ್ ಆ ಕಡೆಯವರೇ. ಬೀಜಿಂಗ್‌ನವರಿಗೆ ಒಂದಕ್ಷರವೂ ಹತ್ತದ ವೆನ್‌ಜೋ ಮಾತು ಅವರಿಗೆ ಮನೆಮಾತು. 1992ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಝೆಜಿಯಾಂಗ್ ಹಳ್ಳಿಗೆ ಹೋಗಿಬರಲು ಶುರುಮಾಡಿ ಆರು ವರ್ಷ ಬಿಡಲಿಲ್ಲ. ಪ್ರಶ್ನಾವಳಿ ಹಂಚಿ ಬಂದವರಿಗೆ ಇಂಥದ್ದು ದಕ್ಕುವುದಿಲ್ಲ.

ಇನ್ನು ನಂಬಿಕೆ. ಅಂಕಿಯಂಶ ಬೇಕು, ಬೇಡ ಅನ್ನುವುದಿಲ್ಲ: 2020ರ ಜನಗಣತಿಯ ಪ್ರಕಾರ ಊರು ಬಿಟ್ಟು ಬೇರೆಡೆ ನೆಲೆಸಿದವರು ಸುಮಾರು 37.6 ಕೋಟಿ. ಆದರೆ ಅಂಕಿಯೊಳಗಿನ ಮನುಷ್ಯ ಕಾಣುವುದು ಇಂಥ ಬರಹದಲ್ಲೇ. 'ಅಲ್ಲಿ ಬರೆಯುವುದೆಲ್ಲ ಪಾರ್ಟಿಯ ಬಾಯಿಪಾಠ' ಅನ್ನುವವರಿಗೆ ಚೀನಾದ ಹಿರಿಯ ಸಮಾಜಶಾಸ್ತ್ರಜ್ಞ ಫೇ ಶಿಯಾವ್‌ಟಾಂಗ್ ಅವರ ಬದುಕನ್ನು ತೋರಿಸುತ್ತೇನೆ. 1935ರಲ್ಲಿ ದಕ್ಷಿಣ ಚೀನಾದ ಗುವಾಂಗ್‌ಶಿಯ ಯಾವೊ ಬೆಟ್ಟಗಳಲ್ಲಿ ಕ್ಷೇತ್ರಕಾರ್ಯಕ್ಕೆ ಹೋದಾಗ ಫೇ ಹುಲಿಗೆಂದು ಒಡ್ಡಿದ್ದ ಬೋನಿಗೆ ಬಿದ್ದರು. ನೆರವು ತರಲು ಹೊರಟ ಹೆಂಡತಿ ದಾರಿಯಲ್ಲೇ ತೀರಿಕೊಂಡರು. ಮರುವರ್ಷ, ಗಾಯ ಮಾಯುವಷ್ಟರಲ್ಲಿ, ಅಕ್ಕ ರೇಷ್ಮೆ ಸಹಕಾರಿ ಕಾರ್ಖಾನೆ ಕಟ್ಟಲು ನೆರವಾಗಿದ್ದ ಕಾಯ್‌ಶಿಯಾನ್‌ಗಾಂಗ್ ಹಳ್ಳಿಗೆ ಹೋಗಿ ಅದನ್ನೇ ಅಧ್ಯಯನ ಮಾಡಿದರು. 1952ರಲ್ಲಿ ಚೀನಾದ ವಿಶ್ವವಿದ್ಯಾಲಯಗಳಿಂದ ಸಮಾಜಶಾಸ್ತ್ರವನ್ನೇ ಕಿತ್ತುಹಾಕಲಾಯಿತು. 1957ರಲ್ಲಿ ಫೇಗೆ 'ಬಲಪಂಥೀಯ', ಅಂದರೆ ಪಾರ್ಟಿಯ ವಿರೋಧಿ, ಅನ್ನೋ ಹಣೆಪಟ್ಟಿ. 1979ರಲ್ಲಿ ಆ ವಿಷಯವನ್ನು ಮತ್ತೆ ಕಟ್ಟಲು ಮುಂದೆ ನಿಂತದ್ದೂ ಅವರೇ. ಒತ್ತಡ ಇರಲಿಲ್ಲ ಅಂತಲ್ಲ, ಈಗಲೂ ಇದೆ. ಅದಕ್ಕೇ ಅಲ್ಲಿನ ಒಳ್ಳೆಯ ಸಂಶೋಧಕರು ರಾಜಕೀಯವನ್ನು ನೇರವಾಗಿ ಎತ್ತದೆ ಮದುವೆ, ಬಾಡಿಗೆ, ಶಾಲೆಯ ಸೀಟಿನ ಮೂಲಕ ಹೇಳಿಬಿಡುತ್ತಾರೆ. ಸಾಲುಗಳ ನಡುವೆ ಓದುವ ಅಭ್ಯಾಸ ಮಾಡಿಕೊಳ್ಳಿ.

ಫೇ 1940ರ ದಶಕದಲ್ಲಿ ಒಂದು ಹೋಲಿಕೆ ಕೊಟ್ಟಿದ್ದರು. ಪಶ್ಚಿಮದವರ ಸಮಾಜ ಸಿವುಡು ಕಟ್ಟಿದ ಹುಲ್ಲಿನಂತೆ, ಯಾವ ಕಡ್ಡಿ ಯಾವ ಕಟ್ಟಿನದು ಅಂತ ಸ್ಪಷ್ಟ. ಚೀನಾದ್ದು ನೀರಿಗೆ ಕಲ್ಲೆಸೆದಾಗ ಏಳುವ ಅಲೆಯಂತೆ: ನಡುವೆ ನಾನು, ಸುತ್ತ ಮನೆಯವರು, ಆಚೆ ನೆಂಟರು, ಊರವರು, ಹೋಗ್ತಾ ಹೋಗ್ತಾ ತೆಳು. ಶಿಯಾಂಗ್ ಓದಿದ ಮೇಲೆ ಇದನ್ನು ಓದಿ. ದರ್ಜಿಗೆ ಮೊದಲ ಹೊಲಿಗೆ ಯಂತ್ರಕ್ಕೆ ಸಾಲ ಎಲ್ಲಿಂದ ಬಂತು, ಬಟ್ಟೆ ಯಾರು ಉದ್ದರಿ ಕೊಟ್ಟರು ಅಂತ ಹುಡುಕುತ್ತಾ ಹೋದರೆ ಅದೇ ಅಲೆ ಬೀಜಿಂಗ್‌ತನಕ ಬಂದಿರುವುದು ಕಾಣುತ್ತದೆ.