ಓದುಗರ ಪ್ರಶ್ನೆ: ಹೋದ ವರ್ಷ ನಡೆದ ಪ್ರೋಗ್ರಾಂ ಈ ವರ್ಷ ಏಕೆ ನಿಂತಿತು?

ಪ್ರಶ್ನೆ: ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ತಂದೆಯವರು ಅಂಗಳದ ಮಳೆಮಾಪಕ ನೋಡಿ ದಿನವೂ ಪುಸ್ತಕದಲ್ಲಿ ಬರೆದಿಡುವ ಮಳೆಯ ಲೆಕ್ಕವನ್ನು ಕೋಷ್ಟಕವಾಗಿಸಲು ಪೈಥಾನ್ ಭಾಷೆಯಲ್ಲಿ, ಕೋಷ್ಟಕಗಳ ಕೆಲಸಕ್ಕಿರುವ ಪಾಂಡಾಸ್ ಪ್ಯಾಕೇಜ್ ಬಳಸಿ, ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ಲ್ಯಾಪ್‌ಟಾಪ್‌ಗೆ ಉಬುಂಟು 24.04 ಎಂಬ ಲಿನಕ್ಸ್ ಹಾಕಿಸಿದ ಮೇಲೆ, ಪೈಥಾನ್ ಪ್ಯಾಕೇಜುಗಳನ್ನು ತಂದು ಹಾಕುವ ಪಿಪ್ ಎಂಬ ಸಲಕರಣೆ ಆ ಪ್ಯಾಕೇಜನ್ನು ಹಾಕಲು ಒಪ್ಪಲಿಲ್ಲ. ಗೆಳೆಯರು ಹೇಳಿದ ಒಂದು ಆಯ್ಕೆ ಸೇರಿಸಿ ಬಲವಂತವಾಗಿ ಹಾಕಿದೆ. ಈಗ, ಕೋಷ್ಟಕಕ್ಕೆ ಹೊಸ ಸಾಲು ಸೇರಿಸುವ ‘ಅಪೆಂಡ್’ ಎಂಬುದೇ ಇಲ್ಲವೆಂದು ಪ್ರೋಗ್ರಾಂ ನಿಲ್ಲುತ್ತದೆ. ನಾನು ಕಲಿತ ಪಾಠದಲ್ಲಿ ಅದು ಸ್ಪಷ್ಟವಾಗಿದೆ. ತಪ್ಪು ಎಲ್ಲಿದೆ?

ಉತ್ತರ: ತಪ್ಪು ನಿಮ್ಮದಲ್ಲ. ನಿಮ್ಮ ಪ್ರೋಗ್ರಾಂ ಒಂದಕ್ಷರವೂ ಬದಲಾಗಿಲ್ಲ, ಅದರ ಸುತ್ತಲಿನದು ಬದಲಾಗಿದೆ.

ಉಬುಂಟುವಿನ ಹಲವು ಸಲಕರಣೆಗಳು ಯಂತ್ರದೊಳಗಿನ ಪೈಥಾನ್ ಅನ್ನೇ ನಂಬಿಕೊಂಡಿವೆ. ಅದೇ ಜಾಗಕ್ಕೆ ಪಿಪ್ ಬೇರೆ ಆವೃತ್ತಿಯ ಪ್ಯಾಕೇಜುಗಳನ್ನು ತಂದಿಟ್ಟರೆ ಆ ಸಲಕರಣೆಗಳು ಕೆಡಬಹುದಾದ್ದರಿಂದ, 2023ರಲ್ಲಿ ಬಂದ ಡೆಬಿಯನ್ 12 (ಉಬುಂಟುವಿಗೆ ಮೂಲವಾದ ಲಿನಕ್ಸ್) ಹಾಗೂ ಉಬುಂಟು 23.04ರಿಂದ ಈ ತಡೆ ಇದೆ. ನೀವು ಬಳಸಿದ ಆಯ್ಕೆಯ ಹೆಸರೇ ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’. ದಯವಿಟ್ಟು ಅದನ್ನು ಮತ್ತೆ ಬಳಸಬೇಡಿ. ಪ್ರತಿ ಕೆಲಸಕ್ಕೂ ಪ್ರತ್ಯೇಕ ವೆನ್ವ್, ಅಂದರೆ ಆ ಕೆಲಸದ ಪ್ಯಾಕೇಜುಗಳನ್ನಷ್ಟೇ ಇಡುವ ಬೇರೆ ಜಾಗ, ಮಾಡಿಕೊಳ್ಳಿ. ಈ ಸೌಲಭ್ಯ 2012ರ ಪೈಥಾನ್ 3.3ರಿಂದ ಭಾಷೆಯ ಜೊತೆಗೇ ಬರುತ್ತಿದ್ದರೂ, ಉಬುಂಟುವಿನಲ್ಲಿ ‘ಪೈಥಾನ್3-ವೆನ್ವ್’ ಎಂಬುದನ್ನು, ಉಬುಂಟುವಿನದೇ ಸಾಫ್ಟ್‌ವೇರ್ ಹಾಕುವ ಸಲಕರಣೆಯಾದ ಆಪ್ಟ್ ಮೂಲಕ ಬೇರೆಯಾಗಿ ಹಾಕಿಕೊಳ್ಳಬೇಕಾಗುತ್ತದೆ. ಹೊಸಬರು ಎಡವುವುದು ಬಹಳ ಸಲ ಇಲ್ಲಿಯೇ.

‘ಅಪೆಂಡ್’ನ ಕಥೆ ಬೇರೆ. ಇದನ್ನು ಕೈಬಿಡುತ್ತೇವೆಂದು ಪಾಂಡಾಸ್ ತಂಡ 2022ರ ಜನವರಿಯಲ್ಲಿ, 1.4ನೇ ಆವೃತ್ತಿಯಲ್ಲಿ ಎಚ್ಚರಿಸಿ, 2023ರ ಏಪ್ರಿಲ್‌ನಲ್ಲಿ ಬಂದ 2.0ರಲ್ಲಿ ತೆಗೆದುಹಾಕಿತು, ಈಗ ಆ ಕೆಲಸಕ್ಕೆ ‘ಕಾನ್‌ಕ್ಯಾಟ್’ ಇದೆ. ಹಳೆಯ ಪಾಂಡಾಸನ್ನೇ ಹಾಕಿಕೊಳ್ಳೋಣವೆಂದರೆ ಅದೂ ಸುಲಭವಲ್ಲ. 24.04ರಲ್ಲಿರುವುದು ಪೈಥಾನ್ 3.12, ಅದಕ್ಕೆ ಹೊಂದುವ, ನೇರವಾಗಿ ಹಾಕಿಕೊಳ್ಳಬಹುದಾದ ಸಿದ್ಧ ವೀಲ್ ಕಡತಗಳು ಪಾಂಡಾಸಿನ 1ನೇ ಸರಣಿಯಲ್ಲಿ ಇಲ್ಲ. ಆದ್ದರಿಂದ ನಿಮ್ಮ ಪ್ರೋಗ್ರಾಂನಲ್ಲಿ ‘ಅಪೆಂಡ್’ ಇರುವ ಸಾಲನ್ನು ತಿದ್ದುವುದೇ ಮೇಲು.

ಬಿಡುಗಡೆಯ ಟಿಪ್ಪಣಿಯಲ್ಲಿ ಇದೆಲ್ಲ ದಾಖಲಾಗಿದೆ, ನಿಜ. ಆದರೆ ಕಲಿಯುವವರ ಕೈಗೆ ಮೊದಲು ಸಿಗುವುದು ಟಿಪ್ಪಣಿಯಲ್ಲ, ಯಾರೋ ಯಾವಾಗಲೋ ಬರೆದ ಪಾಠ. ಯಾವ ಆವೃತ್ತಿಗಾಗಿ ಬರೆದದ್ದೆಂದು ಮೊದಲ ಸಾಲಿನಲ್ಲೇ ಹೇಳದ ಪಾಠ, ಎಷ್ಟೇ ಚೆನ್ನಾಗಿದ್ದರೂ, ಕಲಿಯುವವರಿಗೆ ಅನ್ಯಾಯ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೀವು ಕೈಪಿಡಿ ತೆರೆದಾಗ ನಿಮ್ಮಲ್ಲಿರುವ ಆವೃತ್ತಿಯ ಪುಟವನ್ನೇ ಆರಿಸಿ ಓದಿ.

ಪ್ರೋಗ್ರಾಂ ಸರಿಯಾದ ದಿನವೇ, ವೆನ್ವ್ ಒಳಗಿನಿಂದ ‘ಪಿಪ್ ಫ್ರೀಝ್’ ಕೊಟ್ಟು ಎಲ್ಲ ಪ್ಯಾಕೇಜುಗಳ ಆವೃತ್ತಿಯನ್ನು ಒಂದು ಕಡತದಲ್ಲಿ ಉಳಿಸಿ, ಪೈಥಾನ್‌ನ ಆವೃತ್ತಿಯನ್ನೂ ಜೊತೆಗೆ ಬರೆದಿಡಿ. ಪಾಂಡಾಸ್ ಒಂದನ್ನೇ ಬರೆದಿಟ್ಟರೆ ಸಾಲದು, ಅದು ಸಂಖ್ಯೆಗಳ ಲೆಕ್ಕಕ್ಕಿರುವ ನಮ್‌ಪೈ ಎಂಬ ಇನ್ನೊಂದು ಪ್ಯಾಕೇಜನ್ನು ಆಧರಿಸಿದೆ. 2024ರ ಜೂನ್‌ನಲ್ಲಿ ನಮ್‌ಪೈ 2.0 ಬಂದಾಗ, ಹಳೆಯ ನಮ್‌ಪೈಗಾಗಿ ಕಂಪೈಲ್ ಆಗಿದ್ದ ಹಲವು ಪ್ಯಾಕೇಜುಗಳು ಅದರೊಂದಿಗೆ ನಡೆಯಲಿಲ್ಲ.

ನಿಮ್ಮ ಕಡೆ ಮಳೆ ಹಿಡಿದರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. ಮಳೆಯ ಲೆಕ್ಕ ಬೇಕಾಗುವುದೂ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವ ಅದೇ ದಿನಗಳಲ್ಲಿ. ಹಾಗಾಗಿ ಬೇಸಿಗೆಯಲ್ಲೇ ‘ಪಿಪ್ ಡೌನ್‌ಲೋಡ್’ ಮೂಲಕ ಆ ಕಡತದಲ್ಲಿರುವ ಪ್ಯಾಕೇಜುಗಳನ್ನೆಲ್ಲ ಪೆನ್‌ಡ್ರೈವ್‌ನಲ್ಲಿ ತುಂಬಿಸಿಟ್ಟುಕೊಳ್ಳಿ. ಹಾಕುವಾಗ ‘ನೋ ಇಂಡೆಕ್ಸ್’ ಆಯ್ಕೆ ಕೊಟ್ಟು, ‘ಫೈಂಡ್ ಲಿಂಕ್ಸ್’ ಆಯ್ಕೆಯಲ್ಲಿ ಆ ಫೋಲ್ಡರ್ ತೋರಿಸಿದರೆ ಪಿಪ್ ಇಂಟರ್ನೆಟ್ ಕೇಳುವುದಿಲ್ಲ. ಡೌನ್‌ಲೋಡ್ ಮಾಡುವ ಯಂತ್ರದಲ್ಲಿಯೂ ಅದೇ ಉಬುಂಟು, ಅದೇ ಪೈಥಾನ್ ಇರಲಿ.